ಮಕ್ಕಳ ಜೊತೆ ಮನೆಯಲ್ಲೇ ಸ್ಲೈಮ್: ಯಾವ ವಯಸ್ಸಿಗೆ ಯಾವ ಬಗೆ?

ಸ್ಲೈಮ್ ಎಂಬ ಲೋಳೆಯಂಥ ಆಟದ ಮುದ್ದೆ ಮಾಡಲು ಹೊರಟವರು ಮೊದಲು ಕೇಳುವುದು ‘ಯಾವ ಅಂಟು ತರಬೇಕು?’ ಎಂದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಆಡುವ ಮಗು ಕೈಗೆ ಸಿಕ್ಕಿದ್ದನ್ನು ಇನ್ನೂ ಬಾಯಿಗೆ ಹಾಕಿಕೊಳ್ಳುತ್ತದೆಯೇ? ಹೌದು ಎಂದಾದರೆ ಅಂಟಿನ ಸ್ಲೈಮನ್ನು ಪೂರ್ತಿ ಮರೆತುಬಿಡಿ. ಅಡುಗೆಮನೆಯ ಸಾಮಾನಿನಲ್ಲೇ ಆಗುವ ಎರಡು ಬಗೆಗಳಿವೆ, ಅವು ಸಾಕು. ಮನೆಯಲ್ಲಿ ಎಂಟು ವರ್ಷದ ಅಕ್ಕ, ಎರಡು ವರ್ಷದ ತಮ್ಮ ಇಬ್ಬರೂ ಇದ್ದರೆ ತಮ್ಮನ ವಯಸ್ಸನ್ನೇ ಲೆಕ್ಕಕ್ಕೆ ಹಿಡಿಯಿರಿ. ಅಕ್ಕ ಮೇಜಿನ ಮೇಲೆ ಬಿಟ್ಟುಹೋದದ್ದು ತಮ್ಮನ ಬಾಯಿ ಸೇರಲು ಎರಡು ನಿಮಿಷ ಬೇಡ.

ಇಲ್ಲಿ ಐದು ವಿಧಾನಗಳನ್ನು ಹೋಲಿಸಿದ್ದೇವೆ: ಕಾರ್ನ್‌ಫ್ಲೋರ್, ಇಸಬಗೋಲ್, ಫೆವಿಕಾಲ್ ಜೊತೆ ಲೆನ್ಸ್ ದ್ರಾವಣ (ಕಣ್ಣಿನ ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವಂಥದು), ಫೆವಿಕಾಲ್ ಜೊತೆ ಬಿಳಿಗಾರ (ಅಂದರೆ ಬೋರಾಕ್ಸ್), ಕೊನೆಗೆ ಗೋರಿಕಾಯಿ ಬೀಜದ ಗ್ವಾರ್ ಗಮ್. ಎಳೆದರೆ ಮಾರುದ್ದ ಬರುವ, ವಿಡಿಯೋಗಳಲ್ಲಿ ಕಾಣುವ ಸ್ಲೈಮ್ ಆಗುವುದು ಮೂರನೆಯ ಮತ್ತು ನಾಲ್ಕನೆಯ ವಿಧಾನಗಳಲ್ಲಿ ಮಾತ್ರ. ಇದನ್ನು ಮಗುವಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರ್ಧ ಗಂಟೆ ಕಲಸಿದ ಮೇಲೆ ‘ಇದು ಎಳೆಯೋಕೇ ಬರಲ್ಲ’ ಎಂದು ಶುರುವಾಗುವ ಅಳು ತಪ್ಪುತ್ತದೆ.

‘ಬೋರಾಕ್ಸ್ ಇಲ್ಲದ ಸ್ಲೈಮ್’ ಎಂಬ ಮಾತು

ಬಿಳಿ ಫೆವಿಕಾಲ್‌ನಂಥ ಅಂಟಿನಲ್ಲಿ ಪಾಲಿವಿನೈಲ್ ಅಸಿಟೇಟ್‌ನ ಸಣ್ಣ ಹನಿಗಳು ನೀರಿನಲ್ಲಿ ತೇಲುತ್ತಿರುತ್ತವೆ. ಜೊತೆಗೆ ಪಾಲಿವಿನೈಲ್ ಆಲ್ಕೋಹಾಲ್ ಎಂಬ ಉದ್ದುದ್ದ ಎಳೆಗಳಿರುತ್ತವೆ. ಬೇಯಿಸಿದ ಶ್ಯಾವಿಗೆಯಂತೆ ಈ ಎಳೆಗಳು ಒಂದರ ಮೇಲೊಂದು ಜಾರುತ್ತಿರುವುದರಿಂದ ಅಂಟು ಹರಿಯುತ್ತದೆ. ಅದಕ್ಕೆ ಬೋರೇಟ್, ಅಂದರೆ ಬೋರಾನ್ ಎಂಬ ಮೂಲವಸ್ತು ಇರುವ ಲವಣ, ಬಿದ್ದೊಡನೆ ಅದು ಎರಡು ಎಳೆಗಳನ್ನು ಅಲ್ಲಲ್ಲಿ ಕ್ಲಿಪ್ ಹಾಕಿದ ಹಾಗೆ ಹಿಡಿಯುತ್ತದೆ. ಈ ಕ್ಲಿಪ್ ಶಾಶ್ವತವಲ್ಲ. ಬಿಡುತ್ತದೆ, ಪಕ್ಕದ ಎಳೆಯನ್ನು ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ನಿಧಾನಕ್ಕೆ ಎಳೆದಾಗ ಬಿಟ್ಟು ಹಿಡಿಯಲು ಸಮಯ ಸಿಗುವುದರಿಂದ ಸ್ಲೈಮ್ ಉದ್ದವಾಗುತ್ತದೆ, ಫಕ್ಕನೆ ಎಳೆದರೆ ತುಂಡಾಗುತ್ತದೆ. ಮಕ್ಕಳಿಗೆ ಎರಡೂ ರೀತಿ ಎಳೆಸಿ ತೋರಿಸಿ. ವಿಜ್ಞಾನದ ಪಾಠ ಅಲ್ಲಿಗೆ ಮುಗಿಯಿತು.

ಈ ಬೋರೇಟ್ ಬಿಳಿಗಾರದಿಂದ ನೇರವಾಗಿ ಬರಬಹುದು. ಲೆನ್ಸ್ ದ್ರಾವಣದಲ್ಲಿರುವ ಬೋರಿಕ್ ಆಸಿಡ್ ಅಡುಗೆ ಸೋಡಾದ ಕ್ಷಾರ ಸೇರಿದಾಗಲೂ ಬರಬಹುದು. ಹಾಗಾಗಿ ಲೆನ್ಸ್ ದ್ರಾವಣದ ಸ್ಲೈಮನ್ನು ‘ಬೋರಾಕ್ಸ್ ಇಲ್ಲದ್ದು’ ಎನ್ನುವುದು ಮಾತಿನ ಚಮತ್ಕಾರ. ಬೋರಾಕ್ಸ್ ಪೊಟ್ಟಣ ಮನೆಗೆ ಬಂದಿಲ್ಲ ಎಂಬುದಷ್ಟೇ ನಿಜ, ಬೋರಾನ್ ಬಂದಿದೆ. ಬಿಳಿ ಅಂಟಿನಿಂದ ಚೆನ್ನಾಗಿ ಎಳೆಯುವ ಸ್ಲೈಮ್ ಆಗಿದ್ದರೆ ಅದರೊಳಗೆ ಬೋರಾನ್ ಇದೆ ಎಂದೇ ತಿಳಿಯಿರಿ.

ಹಾಗೆಂದು ಹೆದರಬೇಕಿಲ್ಲ, ಅಳತೆ ಗೊತ್ತಿರಬೇಕು. ಬೋರಾನ್ ಸಂಯುಕ್ತಗಳು ಹೊಟ್ಟೆಗೆ ಹೋದರೆ ವಿಷ. ಯುರೋಪಿನ ಕಾನೂನು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್‌ಗಳನ್ನು ಸಂತಾನಶಕ್ತಿಗೆ ಹಾನಿ ಮಾಡುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಅಲ್ಲಿನ 2009ರ ಆಟಿಕೆ ಸುರಕ್ಷತಾ ನಿರ್ದೇಶನದ ಪ್ರಕಾರ ಜಿಗುಟಾದ ಆಟಿಕೆಯ ಒಂದು ಕಿಲೋದಿಂದ 300 ಮಿಲಿಗ್ರಾಂಗಿಂತ ಹೆಚ್ಚು ಬೋರಾನ್ ಬಿಡುಗಡೆಯಾಗುವಂತಿಲ್ಲ. ಮನೆಯ ಸ್ಲೈಮಿಗೂ ಇದನ್ನೇ ಗೆರೆಯಾಗಿ ಇಟ್ಟುಕೊಳ್ಳಬಹುದು. ಕೆಳಗಿನ ಅಳತೆಗಳನ್ನು ಆ ಲೆಕ್ಕದಲ್ಲೇ ಕೊಟ್ಟಿದ್ದೇವೆ.

ಕಾರ್ನ್‌ಫ್ಲೋರ್: ಎರಡೇ ಸಾಮಾನು, ಎರಡು ನಿಮಿಷ

ಮೂರು ವರ್ಷದಿಂದ ಮೇಲಿನ ಮಕ್ಕಳಿಗೆ ಮೊದಲ ಸ್ಲೈಮ್ ಇದೇ ಇರಲಿ. 200 ಗ್ರಾಂ ಕಾರ್ನ್‌ಫ್ಲೋರ್‌ಗೆ 130 ಮಿ.ಲೀ. ತಣ್ಣೀರು ಹಾಕಿ ಕೈಯಿಂದಲೇ ಕಲಸಿ. ಇನ್ನೂ ಪುಡಿಪುಡಿಯಾಗಿದ್ದರೆ ಒಂದೊಂದೇ ಟೀ ಚಮಚ ನೀರು ಸೇರಿಸುತ್ತ ಹೋಗಿ. ಸುಮಾರು 150 ಮಿ.ಲೀ. ಹೊತ್ತಿಗೆ ಹದ ಸಿಗುತ್ತದೆ. ಮುಷ್ಟಿಯಲ್ಲಿ ಹಿಸುಕಿದರೆ ಗಟ್ಟಿ ಉಂಡೆಯಾಗಬೇಕು, ಮುಷ್ಟಿ ಬಿಚ್ಚಿದರೆ ಬೆರಳ ಸಂದಿಯಿಂದ ಹಾಲಿನಂತೆ ಇಳಿಯಬೇಕು. ಹದ ನೋಡಲು ಬೇರೆ ಪರೀಕ್ಷೆ ಬೇಡ.

ಬಟ್ಟಲಿನ ಮೇಲೆ ಗುದ್ದಿದರೆ ಕೈ ಒಳಗೆ ಹೋಗದು, ಬೆರಳನ್ನು ಮೆಲ್ಲಗೆ ಇಟ್ಟರೆ ಮುಳುಗುತ್ತದೆ. ಪಿಷ್ಟದ ಕಣಗಳ ನಡುವೆ ತೆಳ್ಳಗೆ ನೀರಿರುತ್ತದೆ. ಮೆಲ್ಲಗೆ ಒತ್ತಿದಾಗ ಕಣಗಳು ನೀರಿನೊಡನೆ ಸರಿದು ದಾರಿ ಬಿಡುತ್ತವೆ. ಜೋರಾಗಿ ಒತ್ತಿದಾಗ ಸರಿಯಲು ಸಮಯ ಸಾಲದೆ ಒಂದಕ್ಕೊಂದು ತಾಗಿ ಗೋಡೆಯ ಹಾಗೆ ನಿಂತುಬಿಡುತ್ತವೆ.

ಇದು ಕೆಡುವುದು ಹೆಚ್ಚಾಗಿ ಅಂಗಡಿಯಲ್ಲೇ. ಬೇಕಾಗಿರುವುದು ಗೋಬಿ ಮಂಚೂರಿಗೆ ಹಾಕುವ, ಬೆರಳಲ್ಲಿ ಉಜ್ಜಿದರೆ ಕಿರ್ ಎನ್ನುವ ಅಚ್ಚ ಬಿಳಿಯ ಪಿಷ್ಟ. ಹಳದಿ ಬಣ್ಣದ ಮೆಕ್ಕೆಜೋಳದ ಹಿಟ್ಟು ಬೇರೆ, ರೊಟ್ಟಿಯ ಜೋಳದ ಹಿಟ್ಟಂತೂ ಬೇರೆಯೇ. ಅವೆರಡೂ ಬರಿ ಕೆಸರಾಗುತ್ತವೆ. ಮೈದಾ ಹಾಕಿದರೆ ಅಂಟಿನಂಶ ಸೇರಿ ಕಣಕವಾಗುತ್ತದೆ. ಆರಾರೂಟ್ ಪುಡಿ ಶುದ್ಧ ಪಿಷ್ಟವಾದ್ದರಿಂದ ಅದು ನಡೆಯುತ್ತದೆ. ಇನ್ನೊಂದು ತಪ್ಪು ಬಿಸಿನೀರು ಹಾಕುವುದು. ಪಿಷ್ಟ ಉಬ್ಬಿ ಗಂಜಿಯಾಯಿತೆಂದರೆ ಅದನ್ನು ಮತ್ತೆ ಸರಿಮಾಡಲು ಬರುವುದಿಲ್ಲ.

ಆಡುತ್ತ ಆಡುತ್ತ ನೀರು ಆರುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಅರ್ಧ ಚಮಚ ನೀರು ಚಿಮುಕಿಸಿ. ಮುಗಿದ ಮೇಲೆ ಸಿಂಕಿಗೆ ಮಾತ್ರ ಸುರಿಯಬೇಡಿ, ಪಿಷ್ಟ ಪೈಪಿನ ಬಾಗಿನಲ್ಲಿ ಕೂತು ಗಾರೆಯ ಹಾಗೆ ಗಟ್ಟಿಯಾಗುತ್ತದೆ. ತಟ್ಟೆಯಲ್ಲಿ ಹರಡಿ ಒಣಗಿಸಿ, ಪುಡಿಯನ್ನು ಹಸಿಕಸಕ್ಕೆ ಹಾಕಿ. ನೆಲಕ್ಕೆ ಬಿದ್ದದ್ದನ್ನೂ ಒದ್ದೆಯಾಗಿರುವಾಗ ಒರೆಸಲು ಹೋಗದೆ ಒಣಗಿದ ಮೇಲೆ ಪೊರಕೆಯಲ್ಲಿ ಗುಡಿಸಿ. ಬಟ್ಟೆಯ ಮೇಲಿನದು ಉಜ್ಜಿ ಕೊಡವಿದರೆ ಹೋಗುತ್ತದೆ. ಸ್ವಚ್ಛ ಮಾಡುವ ಸುಲಭದಲ್ಲಿ ಉಳಿದ ನಾಲ್ಕೂ ಇದರ ಹತ್ತಿರ ಬರುವುದಿಲ್ಲ.

ಇಸಬಗೋಲ್: ಬಾಯಿಗೆ ಹೋದರೂ ಗಾಬರಿ ಬೇಡ, ಆದರೆ ಒಲೆ ಬೇಕು

ಒಂದು ಟೇಬಲ್ ಚಮಚ ಇಸಬಗೋಲ್ ಹೊಟ್ಟು (ಸುಮಾರು 5 ಗ್ರಾಂ), ಒಂದು ಕಪ್ ಅಂದರೆ 240 ಮಿ.ಲೀ. ತಣ್ಣೀರು, ಎರಡು ಹನಿ ತಿನ್ನುವ ಬಣ್ಣ. ಹೊಟ್ಟನ್ನು ಮಿಕ್ಸಿಯ ಚಿಕ್ಕ ಜಾರಿನಲ್ಲಿ ಒಮ್ಮೆ ತಿರುಗಿಸಿದರೆ ಸ್ಲೈಮ್ ನುಣ್ಣಗೆ ಬರುತ್ತದೆ. ತಣ್ಣೀರಿನ ಮೇಲೆ ಉದುರಿಸುತ್ತ ಕಲಕಿ. ಬಿಸಿನೀರಿಗೆ ಹಾಕಿದರೆ ಹೊರಗೆ ಲೋಳೆ, ಒಳಗೆ ಒಣಹೊಟ್ಟು ಇರುವ ಗಂಟುಗಳಾಗುತ್ತವೆ. ದಪ್ಪ ತಳದ ಪಾತ್ರೆಯಲ್ಲಿ ನಡು ಉರಿಯಲ್ಲಿಟ್ಟು ಕೈಬಿಡದೆ ತಿರುವಿ. ಕುದಿ ಬಂದು, ಹಲ್ವದ ಹಾಗೆ ಪಾತ್ರೆಯ ಅಂಚು ಬಿಡತೊಡಗಿದಾಗ ಇಳಿಸಿ. ಐದರಿಂದ ಎಂಟು ನಿಮಿಷ ಹಿಡಿಯುತ್ತದೆ. ಇನ್ನೂ ಗಟ್ಟಿ ಬೇಕೆಂದರೆ ಮತ್ತೆರಡು ನಿಮಿಷ ಕುದಿಸಿ. ಮೈಕ್ರೋವೇವ್‌ನಲ್ಲಾದರೆ ದೊಡ್ಡ ಬಟ್ಟಲು ಬೇಕು, ಏಕೆಂದರೆ ಇದು ಹಾಲಿನ ಹಾಗೆ ಉಕ್ಕುತ್ತದೆ. ಎರಡೆರಡು ನಿಮಿಷದ ಮೂರು ನಾಲ್ಕು ಸುತ್ತು, ನಡುವೆ ಕಲಕುವುದು.

ಎರಡು ಎಚ್ಚರಿಕೆಗಳು. ಇಸಬಗೋಲ್ ಜೆಲ್ ಮೇಲೆ ತಣ್ಣಗಿದ್ದಂತೆ ಕಂಡರೂ ಒಳಗೆ ಸುಡುತ್ತಿರುತ್ತದೆ. ನೀರಿನಂತೆ ಹರಿದುಹೋಗದೆ ಚರ್ಮಕ್ಕೆ ಹಿಡಿದುಕೊಳ್ಳುವುದರಿಂದ ಬೊಬ್ಬೆ ಜೋರಾಗಿ ಬರುತ್ತದೆ. ಕನಿಷ್ಠ ಅರ್ಧ ಗಂಟೆ ಬಿಟ್ಟು, ನಡುವೆ ಚಮಚ ಹಾಕಿ ನೋಡಿ, ಆಮೇಲೆ ಮಗುವಿನ ಕೈಗೆ ಕೊಡಿ. ಎರಡನೆಯದು, ಒಣ ಹೊಟ್ಟಿನ ಡಬ್ಬಿ ಮಗುವಿನ ಕೈಗೆ ಸಿಗಬಾರದು. ಒಣಗಿದ್ದನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಬಹುದು. ಆದ ಸ್ಲೈಮಿನ ಪುಟ್ಟ ತುಣುಕು ಹೊಟ್ಟೆಗೆ ಹೋದರೆ ಏನೂ ಆಗದು, ಆದರೆ ‘ತಿನ್ನುವ ಸ್ಲೈಮ್’ ಎಂದು ಹೆಸರಿಟ್ಟು ಕೊಡಬೇಡಿ. ಇವತ್ತು ಇದನ್ನು ತಿನ್ನಬಹುದು ಎಂದು ಕಲಿತ ಮಗುವಿಗೆ ಮುಂದಿನ ವಾರ ಗೆಳತಿಯ ಮನೆಯ ಫೆವಿಕಾಲ್ ಸ್ಲೈಮ್ ಬೇರೆಯದು ಎಂದು ಹೇಗೆ ಗೊತ್ತಾಗಬೇಕು?

ಇದು ಎಳೆಯುವುದಿಲ್ಲ, ಜೆಲ್ಲಿಯಂತೆ ನಡುಗುತ್ತದೆ, ಜಾರುತ್ತದೆ. ಮೂರು ನಾಲ್ಕರ ವಯಸ್ಸಿಗೆ ಅಷ್ಟೇ ಸಾಕು, ಏಳು ವರ್ಷದ ಹುಡುಗನಿಗೆ ಹತ್ತು ನಿಮಿಷದಲ್ಲಿ ಬೇಜಾರು. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಕರಾವಳಿಯ ಮಳೆಗಾಲದಲ್ಲಿ ಹೊರಗಿಟ್ಟರೆ ಮರುದಿನಕ್ಕೇ ಹುಳಿವಾಸನೆ.

ಅಂದಹಾಗೆ ಮಲೆನಾಡಿನ ಮನೆಗಳಲ್ಲಿ ಈ ಆಟಕ್ಕೆ ಪೊಟ್ಟಣವೇ ಬೇಕಿಲ್ಲ. ತಲೆಸ್ನಾನಕ್ಕೆ ದಾಸವಾಳದ ಎಲೆಯನ್ನೋ ಮತ್ತಿ ಸೊಪ್ಪನ್ನೋ ನೀರಲ್ಲಿ ಕಿವುಚಿ ಮಾಡುವ ಗೊಂಪು ಕೂಡ ಇಂಥದೇ ಸಸ್ಯದ ಲೋಳೆ. ಎರಡು ಹಿಡಿ ದಾಸವಾಳದ ಎಲೆ, ಅರ್ಧ ಲೋಟ ನೀರು ಕೊಟ್ಟು ಹಿತ್ತಲಲ್ಲಿ ಕೂರಿಸಿದರೆ ಮಕ್ಕಳೇ ಮಾಡಿಕೊಳ್ಳುತ್ತಾರೆ. ಉಂಡೆ ಕಟ್ಟದು ನಿಜ, ಆಡಿದ ಮೇಲೆ ತಲೆಗೆ ಹಚ್ಚಿ ಸ್ನಾನವನ್ನೂ ಮುಗಿಸಬಹುದು.

ಅಂಟು ಆರಿಸುವಾಗ

ಮುಂದಿನ ಎರಡು ವಿಧಾನಗಳಿಗೆ ಬೇಕಾದ್ದು ಶಾಲೆಯ ಕ್ರಾಫ್ಟ್‌ಗೆ ತರುವ ಬಿಳಿ ಅಂಟು, ಹಿಂಡುವ ಬಾಟಲಿಯಲ್ಲಿ ಬರುವ ಫೆವಿಕಾಲ್ ಎಂ.ಆರ್. ಥರದ್ದು. ಬಡಗಿಗಳು ಬಳಸುವ ಡಬ್ಬಿಯ ಫೆವಿಕಾಲ್ ಹೆಚ್ಚು ಮಂದ. ಅದರಲ್ಲಿ ಮಾಡಿದ ಸ್ಲೈಮ್ ಬೇಗ ರಬ್ಬರಿನಂತಾಗುತ್ತದೆ, ಬಟ್ಟೆಗೆ ಹಿಡಿದರೆ ಬಿಡಿಸುವುದೂ ಕಷ್ಟ. ಅಂಟಿನ ಕಡ್ಡಿ ಆಗದು. ಮರದ ಗೋಂದಿನಿಂದ ಮಾಡಿದ ಹಳೇ ಥರದ ಕಂದು ಗಮ್ ಬಾಟಲಿಯೂ ಆಗದು. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಜಾತಿಯ ಅಂಟನ್ನಂತೂ ಈ ಕೆಲಸದ ಹತ್ತಿರವೇ ತರಬೇಡಿ, ಬೆರಳುಗಳೇ ಅಂಟಿಕೊಳ್ಳುತ್ತವೆ.

ಗಾಜಿನಂಥ ಪಾರದರ್ಶಕ ಸ್ಲೈಮ್ ಬೇಕಾದರೆ ಪಾರದರ್ಶಕ ಅಂಟು ಬೇಕು. ಆ ಹೆಸರಲ್ಲಿ ಸಿಗುವ ಎಲ್ಲವೂ ಒಂದೇ ಪದಾರ್ಥವಲ್ಲ. ಇಡೀ ಬಾಟಲಿ ಸುರಿಯುವ ಮೊದಲು ಒಂದು ಚಮಚ ಅಂಟಿಗೆ ನಾಲ್ಕು ಹನಿ ಬಿಳಿಗಾರದ ನೀರು ಹಾಕಿ ಕಲಕಿ. ಕಡ್ಡಿಗೆ ಸುತ್ತಿಕೊಂಡು ಉಂಡೆಯಾದರೆ ಸರಿ, ನೀರುನೀರಾಗಿಯೇ ಉಳಿದರೆ ಆ ಬಾಟಲಿ ಕಾಗದ ಅಂಟಿಸಲು ಇರಲಿ.

ಲೆನ್ಸ್ ದ್ರಾವಣ: ತಪ್ಪು ಆಗುವುದು ಕಡಿಮೆ

ಆರು ವರ್ಷದ ಮೇಲಿನ ಮಕ್ಕಳಿಗೆ, ಅದರಲ್ಲೂ ಮೊದಲ ಬಾರಿಗೆ ಅಂಟಿನ ಸ್ಲೈಮ್ ಮಾಡುವವರಿಗೆ ನಾವು ಹೇಳುವುದು ಇದನ್ನೇ. ಖರ್ಚು ಬಿಳಿಗಾರಕ್ಕಿಂತ ಎಷ್ಟೋ ಜಾಸ್ತಿ. ಆದರೆ ಪುಡಿ ತೂಗುವ ಕೆಲಸವಿಲ್ಲ, ದ್ರಾವಣ ತೆಳುವಾಗಿರುವುದರಿಂದ ಕೈತಪ್ಪಿ ಹೆಚ್ಚಾಗುವ ಅಪಾಯವೂ ಕಡಿಮೆ.

1. ಹಳೇ ಐಸ್‌ಕ್ರೀಮ್ ಡಬ್ಬಿಯಲ್ಲಿ 100 ಗ್ರಾಂ ಬಿಳಿ ಅಂಟು, 50 ಮಿ.ಲೀ. ನೀರು ಹಾಕಿ ಒಂದೇ ಸಮ ಆಗುವ ತನಕ ಕಲಕಿ. ಬಣ್ಣ ಹಾಕುವುದಿದ್ದರೆ ಈಗಲೇ.
2. ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಪೂರ್ತಿ ಕರಗಿಸಿ.
3. ಒಂದು ಟೇಬಲ್ ಚಮಚ, ಅಂದರೆ 15 ಮಿ.ಲೀ. ಲೆನ್ಸ್ ದ್ರಾವಣ ಹಾಕಿ ಜೋರಾಗಿ ಕಲಕಿ. ಎಳೆಎಳೆಯಾಗಿ ಡಬ್ಬಿಯ ಅಂಚು ಬಿಡತೊಡಗುತ್ತದೆ.
4. ಕೈಗೆ ಎರಡು ಹನಿ ದ್ರಾವಣ ಸವರಿಕೊಂಡು ಹೊರತೆಗೆದು ನಾದಿ. ಮೊದಲ ಎರಡು ನಿಮಿಷ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಇಲ್ಲೇ ಬಹಳ ಜನ ಗಾಬರಿಯಾಗಿ ಇನ್ನಷ್ಟು ಸುರಿದು ಕೆಡಿಸುವುದು. ಐದು ನಿಮಿಷ ನಾದಿದ ಮೇಲೂ ಮೆತ್ತುತ್ತಿದ್ದರೆ ಮಾತ್ರ ಅರ್ಧ ಟೀ ಚಮಚದಷ್ಟು ಸೇರಿಸಿ.

ಬಾಟಲಿ ಕೊಳ್ಳುವಾಗ ಹಿಂಬದಿಯ ಚೀಟಿ ಓದಿ. ‘ಬೋರಿಕ್ ಆಸಿಡ್’, ‘ಸೋಡಿಯಂ ಬೋರೇಟ್’ ಇವೆರಡರಲ್ಲಿ ಒಂದಾದರೂ ಇರಬೇಕು. ಬೋರೇಟ್ ಇಲ್ಲದ ಲೆನ್ಸ್ ದ್ರಾವಣಗಳೂ ಮಾರುಕಟ್ಟೆಯಲ್ಲಿವೆ, ಅವನ್ನು ಲೀಟರ್ ಸುರಿದರೂ ಅಂಟು ಅಂಟಾಗಿಯೇ ಇರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಇರುವ ಬಾಟಲಿ ಬೇಡವೇ ಬೇಡ, ಅದು ಮಕ್ಕಳ ಚರ್ಮಕ್ಕೂ ಕಣ್ಣಿಗೂ ಉರಿ.

ಸೋಡಾ ವಿಷಯದಲ್ಲಿ ಇನ್ನೊಂದು ಎಡವಟ್ಟು. ಬೇಕಿಂಗ್ ಪೌಡರ್ ಮತ್ತು ಅಡುಗೆ ಸೋಡಾ ಒಂದೇ ಅಲ್ಲ. ಬೇಕಿಂಗ್ ಪೌಡರ್‌ನಲ್ಲಿ ಸೋಡಾದ ಜೊತೆ ಆಮ್ಲವೂ ಪಿಷ್ಟವೂ ಇರುತ್ತವೆ. ನೀರು ತಾಗಿದೊಡನೆ ನೊರೆ ಎದ್ದು ಕ್ಷಾರವೆಲ್ಲ ಅಲ್ಲೇ ಮುಗಿದುಹೋಗುತ್ತದೆ, ಬೋರಿಕ್ ಆಸಿಡ್ ಬೋರೇಟ್ ಆಗುವುದಿಲ್ಲ.

ಮೋಡದಂಥ ಉಬ್ಬಿದ ಸ್ಲೈಮ್ ಬೇಕೆಂದು ಹಟ ಹಿಡಿದರೆ ಇದೇ ಅಳತೆಗೆ ನೀರು ಬಿಟ್ಟು ಎರಡು ಕಪ್ ಶೇವಿಂಗ್ ಫೋಮ್ ಸೇರಿಸಿ. ಫೋಮ್ ಬೇಕು, ಜೆಲ್ ಆಗದು. ಒಂದೆರಡು ದಿನಕ್ಕೆ ಗುಳ್ಳೆ ಒಡೆದು ಅರ್ಧಕ್ಕೆ ಇಳಿಯುತ್ತದೆ. ಸುಗಂಧ ಜಾಸ್ತಿ ಇರುವುದರಿಂದ ಉಬ್ಬಸವಿರುವ ಮಗುವಿಗೆ ಬೇಡ.

ಬಿಳಿಗಾರ: ಅಗ್ಗ, ಅಚ್ಚುಕಟ್ಟು, ಆದರೆ ದೊಡ್ಡವರ ಕೆಲಸ

ಬಿಳಿಗಾರ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಅಕ್ಕಸಾಲಿಗರು ಬೆಸುಗೆಗೆ ಬಳಸುವುದೂ ಇದನ್ನೇ, ಟಂಕಣ ಎಂದರೂ ಇದೇ. ಪಟಿಕ ಕೂಡ ನೋಡಲು ಹೀಗೇ ಇರುತ್ತದೆ, ಎಷ್ಟೋ ಸಲ ಅದನ್ನೇ ಕಟ್ಟಿಕೊಡುತ್ತಾರೆ. ಪಟಿಕದಿಂದ ಸ್ಲೈಮ್ ಆಗುವುದಿಲ್ಲ. ಅನುಮಾನ ಬಂದರೆ ಚಿಟಿಕೆ ಪುಡಿಯನ್ನು ನೀರಲ್ಲಿ ಕರಗಿಸಿ ಅರಿಶಿನ ಹಾಕಿ. ಬಿಳಿಗಾರ ಕ್ಷಾರವಾದ್ದರಿಂದ ಅರಿಶಿನ ಕೆಂಪಗಾಗುತ್ತದೆ, ಪಟಿಕದ ನೀರಿನಲ್ಲಿ ಹಳದಿಯಾಗಿಯೇ ಉಳಿಯುತ್ತದೆ. ನಾಲಿಗೆಗೆ ಹಚ್ಚಿ ನೋಡುವ ಹಳೇ ಅಭ್ಯಾಸ ಬಿಡಿ.

ದ್ರಾವಣಕ್ಕೆ ಅರ್ಧ ಟೀ ಚಮಚ (ಸುಮಾರು 2 ಗ್ರಾಂ) ಬಿಳಿಗಾರ, 200 ಮಿ.ಲೀ. ಬಿಸಿನೀರು. ಹರಳಾಗಿದ್ದರೆ ಪುಡಿ ಮಾಡಿ, ಪೂರ್ತಿ ಕರಗುವವರೆಗೆ ಕಲಕಿ, ತಣಿಸಿ. ಕರಗದೆ ಉಳಿದ ಕಾಳು ಸ್ಲೈಮಿನೊಳಗೆ ಮರಳಿನಂತೆ ಚುಚ್ಚುತ್ತದೆ. ಇದು ಶೇಕಡಾ ಒಂದರ ದ್ರಾವಣ. ಈ ಕೆಲಸ ಮಗುವಿನದ್ದಲ್ಲ, ಪುಡಿ ಕಣ್ಣಿಗೂ ಮೂಗಿಗೂ ಹೋಗಬಾರದು.

100 ಗ್ರಾಂ ಅಂಟಿಗೆ 80 ಮಿ.ಲೀ. ನೀರು ಬೆರೆಸಿ, ಮೇಲಿನ ದ್ರಾವಣವನ್ನು ಒಂದೊಂದೇ ಟೀ ಚಮಚ ಹಾಕುತ್ತ ಕಲಕಿ. 40 ಮಿ.ಲೀ. ದಾಟುವಾಗ ಮುದ್ದೆ ಕಟ್ಟತೊಡಗುತ್ತದೆ. ಅಲ್ಲಿ ನಿಲ್ಲಿಸಿ ಕೈಗೆತ್ತಿಕೊಂಡು ನಾದಿ. 60 ಮಿ.ಲೀ. ದಾಟಬೇಡಿ.

ಏಕೆ 60? ಬಿಳಿಗಾರದ ತೂಕದಲ್ಲಿ ಶೇಕಡಾ 11.3ರಷ್ಟು ಬೋರಾನ್. 50 ಮಿ.ಲೀ. ದ್ರಾವಣದಲ್ಲಿ ಅರ್ಧ ಗ್ರಾಂ ಬಿಳಿಗಾರ, ಅಂದರೆ 57 ಮಿಲಿಗ್ರಾಂ ಬೋರಾನ್ ಇರುತ್ತದೆ. ಅದು 230 ಗ್ರಾಂ ಸ್ಲೈಮಿನಲ್ಲಿ ಹರಡಿದಾಗ ಕಿಲೋಗೆ ಸುಮಾರು 246 ಮಿಲಿಗ್ರಾಂ, 60 ಮಿ.ಲೀ. ಹಾಕಿದರೆ ಸುಮಾರು 283. ಗೆರೆಯ ಈಚೆಗೇ ಉಳಿದೆವು. ಒಂದು ಪೂರ್ತಿ ಟೀ ಚಮಚ ಬಿಳಿಗಾರವನ್ನು ಒಂದು ಲೋಟ ನೀರಿಗೆ ಹಾಕಿ ಎಲ್ಲವನ್ನೂ ಅಂಟಿಗೆ ಸುರಿಯುವವರಿದ್ದಾರೆ. ಅದೇ ಲೆಕ್ಕ ಹಾಕಿದರೆ ಗೆರೆಯ ಸುಮಾರು ನಾಲ್ಕು ಪಟ್ಟಾಗುತ್ತದೆ. ಸ್ಲೈಮಾದರೂ ಚೆನ್ನಾಗಿ ಬರುತ್ತದೆಯೇ ಎಂದರೆ ಅದೂ ಇಲ್ಲ, ಹರಿದು ಚೂರಾಗುವ ರಬ್ಬರ್ ಬರುತ್ತದೆ.

ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪೌಡರ್ ಮನೆಯಲ್ಲೇ ಇದೆಯಲ್ಲ ಎನ್ನಬಹುದು. ಸೋಡಾ ಸೇರಿಸಿದರೆ ಅದರಿಂದಲೂ ಸ್ಲೈಮ್ ಆಗುತ್ತದೆ. ಆದರೆ ಬೋರಿಕ್ ಆಸಿಡ್‌ನಲ್ಲಿ ಬೋರಾನ್ ಶೇಕಡಾ 17.5, ಬಿಳಿಗಾರಕ್ಕಿಂತ ಒಂದೂವರೆ ಪಟ್ಟು. ಕೇರಂ ಪೌಡರ್ ಎಂದು ಮಾರುವುದೆಲ್ಲ ಬೋರಿಕ್ಕೂ ಅಲ್ಲ. ಅಂದಾಜಿನ ಮೇಲೆ ಮಾಡುವ ಕೆಲಸ ಇದಲ್ಲ, ಬಿಡಿ.

ಬಟ್ಟೆ ಒಗೆಯುವ ಲಿಕ್ವಿಡ್ ಹಾಕುವ ಅಮೆರಿಕದ ವಿಧಾನವನ್ನೂ ಇಲ್ಲಿ ನಕಲು ಮಾಡಬೇಡಿ. ಅದು ನಡೆಯುವುದು ಲಿಕ್ವಿಡ್‌ನಲ್ಲಿ ಬೋರೇಟ್ ಇದ್ದರೆ ಮಾತ್ರ. ಇದ್ದರೂ ಕಲೆ ತೆಗೆಯುವ ಎನ್‌ಜೈಮುಗಳು ಮಗುವಿನ ಅಂಗೈಯನ್ನು ಅರ್ಧ ಗಂಟೆ ತಿಕ್ಕುತ್ತಿರುವುದು ಯಾರಿಗೆ ಬೇಕು? ‘ಲಿಕ್ವಿಡ್ ಸ್ಟಾರ್ಚ್’ ಎಂದು ಓದಿ ನಮ್ಮ ಗಂಜಿಪುಡಿ ತಂದವರಿಗೂ ಇದೇ ಗತಿ, ಬರಿ ಪಿಷ್ಟದಿಂದ ಫೆವಿಕಾಲ್ ಸ್ಲೈಮ್ ಆಗದು.

ಅಂಟಿನ ಸ್ಲೈಮ್ ಎರಡೂ ಬಗೆಗೆ ಒಂದೇ ಚಿಕಿತ್ಸೆ. ಗಟ್ಟಿಯಾಗಿ ಹರಿಯುತ್ತಿದ್ದರೆ ಬೋರೇಟ್ ಹೆಚ್ಚಾಗಿದೆ ಎಂದರ್ಥ. ಬೆಚ್ಚಗಿನ ನೀರಲ್ಲಿ ಒಂದು ನಿಮಿಷ ಅದ್ದಿ ನಾದಿ, ಅಥವಾ ನಾಲ್ಕು ಹನಿ ಗ್ಲಿಸರಿನ್ ಹಾಕಿ. ಡಬ್ಬಿಯ ತಳದಲ್ಲಿ ನೀರು ನಿಂತಿದ್ದರೆ ಅದನ್ನು ಚೆಲ್ಲಿ ಸ್ಲೈಮನ್ನು ಹಿಂಡಿ ತೆಗೆಯಿರಿ. ಮುಚ್ಚಿದ ಡಬ್ಬಿಯಲ್ಲಿ ಎರಡು ಮೂರು ವಾರ ಆಡಬಹುದು. ವಾಸನೆಯೋ ಕಪ್ಪು ಚುಕ್ಕೆಯೋ ಕಂಡ ದಿನ ಎಸೆಯಿರಿ. ಕೈಯಲ್ಲಿ ಗಾಯ, ಇಸುಬು ಇರುವ ಮಗುವಿಗೆ ಅಂಟಿನದು ಬೇಡ. ಒಂದು ಸಲಕ್ಕೆ ಅರ್ಧ ಗಂಟೆ ಸಾಕು, ಆಮೇಲೆ ಸೋಪು ಹಾಕಿ ಕೈ ತೊಳೆಸಿ. ಬಿಳಿಗಾರ ಕಲಕಿದ ಚಮಚ, ಪಾತ್ರೆ ಮತ್ತೆ ಅಡುಗೆಗೆ ಹೋಗಬಾರದು. ಸ್ಲೈಮನ್ನು ಮಗು ನುಂಗಿದ್ದರೆ ಬಾಯಿ ತೊಳೆಸಿ, ವಾಂತಿ ಮಾಡಿಸಲು ಹೋಗದೆ, ಬಳಸಿದ ಪೊಟ್ಟಣವನ್ನೂ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿ.

ಗ್ವಾರ್ ಗಮ್: ಚವಳಿಕಾಯಿಯ ಸ್ಲೈಮ್

ಅಮೆರಿಕದ ಮ್ಯಾಟೆಲ್ ಕಂಪನಿ 1976ರಲ್ಲಿ ಪುಟ್ಟ ಕಸದ ಡಬ್ಬಿಯಲ್ಲಿ ತುಂಬಿ ಮಾರಿದ ಹಸಿರು ಸ್ಲೈಮ್ ಫೆವಿಕಾಲ್ ಥರದ ಅಂಟಿನದ್ದಲ್ಲ, ಗ್ವಾರ್ ಗಮ್ಮಿನದ್ದು. ಗ್ವಾರ್ ಎಂದರೆ ನಮ್ಮ ಗೋರಿಕಾಯಿ, ಉತ್ತರ ಕರ್ನಾಟಕದ ಚವಳಿಕಾಯಿ. ಅದರ ಬೀಜದ ಪುಡಿ ಬೇಕರಿ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ.

200 ಮಿ.ಲೀ. ಬೆಚ್ಚಗಿನ ನೀರಿಗೆ 1 ಗ್ರಾಂ ಪುಡಿ, ಅಂದರೆ ಟೀ ಚಮಚದ ಮೂರನೆಯ ಒಂದು ಭಾಗ. ನೀರು ಸುಳಿಯಂತೆ ಸುತ್ತುತ್ತಿರುವಾಗ ಉದುರಿಸಬೇಕು, ಒಮ್ಮೆಲೇ ಸುರಿದರೆ ಮೀನಿನ ಕಣ್ಣಿನಂಥ ಗಂಟುಗಳಾಗಿ ಕೊನೆಯವರೆಗೂ ಕರಗುವುದಿಲ್ಲ. ಐದು ನಿಮಿಷ ಬಿಡಿ, ತೆಳು ಅಂಬಲಿಯಾಗುತ್ತದೆ. ಬೇರೆ ಲೋಟದಲ್ಲಿ 25 ಮಿ.ಲೀ. ಬಿಸಿನೀರಿಗೆ 1 ಗ್ರಾಂ ಬಿಳಿಗಾರ ಕರಗಿಸಿ, ಅದರಲ್ಲಿ 10 ಮಿ.ಲೀ. ಮಾತ್ರ ಅಂಬಲಿಗೆ ಹಾಕಿ ಕಲಕಿ. ಒಂದೆರಡು ನಿಮಿಷದಲ್ಲಿ ತಣ್ಣನೆಯ, ಒದ್ದೆಯಾದ, ಬೆರಳಿಂದ ಜಾರಿ ಬೀಳುವ ಲೋಳೆ ಸಿದ್ಧ. ಬೋರಾನ್ ಕಿಲೋಗೆ ಸುಮಾರು 215 ಮಿಲಿಗ್ರಾಂ.

ಬಟ್ಟೆಗೆ ಬಿದ್ದರೂ ನೀರಲ್ಲಿ ಹೋಗುವುದು ಇದರ ಗುಣ, ಎರಡು ಮೂರು ದಿನಕ್ಕೆ ಕೊಳೆಯುವುದು ಅವಗುಣ. ತೂಕದ ಚಿಕ್ಕ ತಕ್ಕಡಿ ಇರುವ, ಪ್ರಯೋಗದ ಹುಚ್ಚಿರುವ ಹತ್ತು ವರ್ಷದ ಮೇಲಿನ ಮಕ್ಕಳಿಗೆ ಚೆನ್ನ. ಹುಟ್ಟುಹಬ್ಬಕ್ಕೆ ಬಂದ ಹದಿನೈದು ಮಕ್ಕಳಿಗೆ ಮಾಡಿಸಲು ಹೋಗಬೇಡಿ, ಅಲ್ಲಿಗೆ ಕಾರ್ನ್‌ಫ್ಲೋರ್ ಮಾತ್ರ ಸರಿ.

ಇಷ್ಟೆಲ್ಲ ರಗಳೆ ಬೇಡ, ಡಬ್ಬಿಯದನ್ನೇ ತರುತ್ತೇವೆ ಎನ್ನುವವರು ಡಬ್ಬಿಯ ಮೇಲೆ ಐ.ಎಸ್.ಐ. ಗುರುತು ನೋಡಿ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಜಾತ್ರೆಯಲ್ಲಿ, ಸಿಗ್ನಲ್ಲಿನಲ್ಲಿ ಸಿಗುವ ಹೆಸರಿಲ್ಲದ ಡಬ್ಬಿಗಿಂತ ಅಳತೆ ಗೊತ್ತಿರುವ ಮನೆಯ ಸ್ಲೈಮ್ ಎಷ್ಟೋ ಮೇಲು.

ಬಣ್ಣ ಮತ್ತು ಕಲೆ

ತಿನ್ನುವ ಬಣ್ಣ ಎರಡು ಮೂರು ಹನಿ ಸಾಕು. ಹೆಚ್ಚಾದರೆ ಸ್ಲೈಮಿಗಿಂತ ಕೈಗೇ ಜಾಸ್ತಿ ಹತ್ತುತ್ತದೆ. ಹೋಳಿಯ ಪುಡಿ ಬೇಡ. ಅರಿಶಿನ ಹಾಕಿದರೆ ಒಂದು ತಮಾಷೆ ಇದೆ: ಕಾರ್ನ್‌ಫ್ಲೋರ್‌ನಲ್ಲಿ ಹಳದಿಯಾಗಿಯೇ ಇರುವುದು ಬಿಳಿಗಾರದ ಸ್ಲೈಮಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಸುಣ್ಣ ಸೇರಿಸಿ ಓಕುಳಿ ನೀರು ಕೆಂಪಗಾಗಿಸುವುದೂ ಇದೇ ಗುಣದಿಂದ. ಮೇಲೆ ನಿಂಬೆರಸ ಹಿಂಡಿದರೆ ಆ ಜಾಗ ಮತ್ತೆ ಹಳದಿಯಾಗುತ್ತದೆ, ಜೊತೆಗೇ ಕರಗಿ ನೀರಾಗುತ್ತದೆ.

ಆ ಕರಗುವಿಕೆಯೇ ಕಲೆ ತೆಗೆಯುವ ಉಪಾಯ. ಆಮ್ಲ ತಾಗಿದಾಗ ಬೋರೇಟ್ ಕ್ಲಿಪ್‌ಗಳು ಬಿಟ್ಟುಕೊಂಡು ಸ್ಲೈಮ್ ಮತ್ತೆ ತೆಳು ಅಂಟಾಗುತ್ತದೆ. ಬಟ್ಟೆಗೋ ಸೋಫಾಕ್ಕೋ ಹಿಡಿದದ್ದನ್ನು ಮೊದಲು ಚಮಚದಿಂದ ಕೆರೆದು, ಬಿಳಿ ವಿನೆಗರ್ ಸುರಿದು ಹತ್ತು ನಿಮಿಷ ಬಿಡಿ. ನಂತರ ಬೆಚ್ಚಗಿನ ಸೋಪು ನೀರಲ್ಲಿ ಉಜ್ಜಿ. ಪೂರ್ತಿ ಹೋಗುವ ಮುಂಚೆ ಇಸ್ತ್ರಿ ತಾಗಿಸಬೇಡಿ, ಅಂಟು ನೂಲಿನೊಳಗೆ ಕೂತುಬಿಡುತ್ತದೆ. ಕೂದಲಿಗೆ ಹಿಡಿದರೆ ಕತ್ತರಿ ತರುವ ಮೊದಲು ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ, ತುದಿಯ ಕಡೆಯಿಂದ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಿಡಿಸಿಕೊಂಡು ಬನ್ನಿ.

ನೆಲದ ಮೇಲೆ ವಿನೆಗರ್ ಹಾಕುವ ಮುನ್ನ ನೆಲ ಯಾವುದು ನೋಡಿ. ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ತಡೆಯುತ್ತವೆ. ಶಹಾಬಾದ್ ಮತ್ತು ಕಡಪಾ ಕಲ್ಲುಗಳು ಸುಣ್ಣದ ಕಲ್ಲುಗಳು, ಮೊಸಾಯಿಕ್‌ನಲ್ಲಿ ಅಮೃತಶಿಲೆಯ ಚೂರಿರುತ್ತದೆ, ರೆಡ್ ಆಕ್ಸೈಡ್ ನೆಲದ ಮೂಲ ಸಿಮೆಂಟು. ಇವೆಲ್ಲಕ್ಕೂ ವಿನೆಗರ್ ಬಿದ್ದ ಜಾಗದಲ್ಲಿ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಅಂಥ ನೆಲದಲ್ಲಿ ಸ್ಲೈಮಿನ ಮೇಲೆ ಐಸ್ ತುಂಡು ಇಟ್ಟು ಗಟ್ಟಿಯಾದ ಮೇಲೆ ಹಳೇ ಎ.ಟಿ.ಎಂ. ಕಾರ್ಡಿನ ಅಂಚಿನಿಂದ ಎಬ್ಬಿಸಿ, ಉಳಿದದ್ದನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ.